ಪಾಳುಬಿದ್ದ ಮಂಗಳ ಕಾಲೊನಿ: ಜನ ಸತ್ತದ್ದು ಹೇಗೆ?

ಧಾರವಾಡದಿಂದ: ಮಂಗಳ ಗ್ರಹದ ಕಥೆ ಬರೀತಿದ್ದೇನೆ. ಹೊಸದಾಗಿ ಬಂದವರಿಗೆ ಊಟ, ಗಾಳಿ ಎರಡೂ ಸಾಲುತ್ತಿಲ್ಲ. ಹತ್ತಿರದ ಹಳೇ ಕಾಲೊನಿ ಪಾಳುಬಿದ್ದಿದೆ, ಒಳಗೆ ಹೋಗಿ ನೋಡ್ತಾರೆ. ಗೋಡೆ ಬಿರುಕು ಬಿಟ್ಟಿಲ್ಲ, ಯಂತ್ರವೂ ಕೆಟ್ಟಿಲ್ಲ. ಹಾಗಾದ್ರೆ ಆ ಜನ ಸತ್ತದ್ದು ಹೇಗೆ? ಸುಮ್ನೆ ಉಲ್ಕೆ ಬಿತ್ತು ಅಂತ ಬರೆಯೋಕೆ ಮನಸ್ಸಿಲ್ಲ.

ಹುಬ್ಬಳ್ಳಿಯಿಂದ: ಅಕ್ಕಾ, ಮಣ್ಣನ್ನೇ ಕಾರಣ ಮಾಡಿ. ಅಮೆರಿಕದ ಅರಿಜೋನಾದಲ್ಲಿ ಬಯೋಸ್ಫಿಯರ್ 2 ಅಂತ ಗಾಜಿನ ಕಟ್ಟಡ ಇದೆ, 1991ರಲ್ಲಿ 8 ಜನ ಎರಡು ವರ್ಷ ಅದರೊಳಗೆ ಇರೋಕೆ ಹೋದರು. ಆಮ್ಲಜನಕ ಶೇ 20.9ರಿಂದ 14ರ ಹತ್ತಿರಕ್ಕೆ ಇಳಿಯಿತು, ಕೊನೆಗೆ ಹೊರಗಿನಿಂದ ತುಂಬಬೇಕಾಯಿತು. ಗೊಬ್ಬರ ಜಾಸ್ತಿ ಇದ್ದ ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಎಳೆದುಕೊಂಡಿದ್ದವು. ಅವು ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಕಾಂಕ್ರೀಟ್ ಗೋಡೆ ಹೀರಿಕೊಂಡಿತು, ಹಾಗಾಗಿ ಕಾರಣ ಬೇಗ ಗೊತ್ತಾಗಲಿಲ್ಲ.

ಹಾವೇರಿಯಿಂದ: ಮಂಗಳದ ಮಣ್ಣಲ್ಲಿ ಪರ್‌ಕ್ಲೋರೇಟ್ ಉಪ್ಪು ಇದೆ, 2008ರಲ್ಲಿ ಫೀನಿಕ್ಸ್ ನೌಕೆ ಕಂಡುಹಿಡಿಯಿತು. ತೊಳೆಯದೆ ಬಿತ್ತಿದರೆ ಬೆಳೆ ತಿಂದವರ ಥೈರಾಯ್ಡ್‌ಗೆ ಪೆಟ್ಟು. ನಾವು ರೈತರು, ಮಣ್ಣು ಪರೀಕ್ಷೆ ಮಾಡಿಸದೆ ಬಿತ್ತಿ ಒಮ್ಮೆ ಅನುಭವಿಸಿದ್ದೇವೆ.

ಗದಗದಿಂದ: ಲಕ್ಕುಂಡಿ ಬಾವಿಗೆ ಇಳಿದಿದ್ದೀರಾ? ನೀರು ಎಲ್ಲಿವರೆಗೆ ಇತ್ತು ಅಂತ ಕಲ್ಲಿನ ಮೇಲಿನ ಗೆರೆ ಹೇಳುತ್ತೆ. ಹಾಗೇ ನಿಮ್ಮ ಕಾಲೊನಿ ಗೋಡೆ ಮೇಲೆ ಯಾರೋ ದಿನಾ ಪೆನ್ಸಿಲ್‌ನಲ್ಲಿ ಬರೆದ ಆಮ್ಲಜನಕದ ಶೇಕಡಾ ಅಂಕಿ ಇರಲಿ. 20.9, 20.1, 18... ಬರ್ತಾ ಬರ್ತಾ ಅಕ್ಷರ ಸೊಟ್ಟ ಆಗಲಿ.

ಧಾರವಾಡದಿಂದ: ಅಣ್ಣಾ, ಮೈ ಜುಮ್ಮೆಂದಿತು. ಹೊಸಬರು ತಮ್ಮ ಮೀಟರ್ ನೋಡಿಕೊಂಡಾಗ ಅದರಲ್ಲೂ 18 ಇರುತ್ತೆ, ಅಲ್ವಾ? ಇವತ್ತೇ ಬರೀತೀನಿ.