ಖಂಬಾಟ್ಕಿ ಘಾಟ್‌ನಲ್ಲಿ ಏದುಸಿರು ಬಿಡುವ ಸ್ವಿಫ್ಟ್: ಮನೆಯಲ್ಲೇ ಏನು ಮಾಡಬಹುದು?

ಪ್ರಶ್ನೆ (ಧಾಯರಿ, ಪುಣೆ)

ಎಲ್ಲರಿಗೂ ನಮಸ್ಕಾರ. ನನ್ನದು 2015ರ ಪೆಟ್ರೋಲ್ ಸ್ವಿಫ್ಟ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, 78 ಸಾವಿರ ಕಿಲೋಮೀಟರ್ ಓಡಿದೆ. ಎರಡು ತಿಂಗಳಿಗೊಮ್ಮೆ ಧಾರವಾಡಕ್ಕೆ ಹೋಗುತ್ತೇವೆ. ಅಪ್ಪ, ಅಮ್ಮ, ಹೆಂಡತಿ, ಡಿಕ್ಕಿ ತುಂಬ ಸಾಮಾನು. ದಾರಿಯಲ್ಲಿ ಖಂಬಾಟ್ಕಿ ಘಾಟ್ ಹತ್ತುವಾಗ ಎಸಿ ಹಾಕಿದ್ದರೆ ಮೂರನೇ ಗೇರ್ ಎಳೆಯುವುದೇ ಇಲ್ಲ. ಕೋಲ್ಡ್ ಏರ್ ಇನ್‌ಟೇಕ್ (ಎಂಜಿನ್‌ಗೆ ತಣ್ಣನೆಯ ಗಾಳಿ ಎಳೆಯುವ ಪೈಪ್ ಮತ್ತು ಫಿಲ್ಟರ್) ಹಾಕಿಸು, ರೀಮ್ಯಾಪ್ (ಎಂಜಿನ್ ಕಂಪ್ಯೂಟರ್‌ನ ಸೆಟ್ಟಿಂಗ್ ಬದಲಾವಣೆ) ಮಾಡಿಸು ಅಂತ ಗೆಳೆಯರು ಹೇಳುತ್ತಾರೆ. 25 ಸಾವಿರ ತೆಗೆದಿಟ್ಟಿದ್ದೇನೆ. ಇದುವರೆಗೂ ಪಾನಾ ಹಿಡಿದವನಲ್ಲ, ಆದರೆ ಕಲಿಯುವ ಆಸೆ ಇದೆ. ಎಲ್ಲಿಂದ ಶುರು ಮಾಡಲಿ?

ಉತ್ತರ 1 (ಕೋಥ್ರೂಡ್)

ತಮ್ಮಾ, ಆ ದುಡ್ಡು ಈಗಲೇ ಖರ್ಚು ಮಾಡಬೇಡ. ನನ್ನದೂ ಅದೇ 1197 ಸಿಸಿ ಎಂಜಿನ್. ಆರು ವರ್ಷದಿಂದ ಸೊಸೈಟಿ ಪಾರ್ಕಿಂಗ್‌ನಲ್ಲಿ ನಾನೇ ಕೈ ಹಾಕುತ್ತಿದ್ದೇನೆ. ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಕಾರಿಗೆ ರೀಮ್ಯಾಪ್‌ನಿಂದ ಒಳ್ಳೆಯ ಲಾಭ ಇದೆ. ನಮ್ಮದಕ್ಕೆ ಟರ್ಬೊ ಇಲ್ಲ, ಸಿಗುವುದು ತುಂಬ ಕಡಿಮೆ. ಹೊಸದರಲ್ಲಿ ಇದ್ದ ಶಕ್ತಿ ಎಷ್ಟು ಕಳೆದುಹೋಗಿದೆ ಅಂತ ಮೊದಲು ನೋಡೋಣ.

ಏರ್ ಫಿಲ್ಟರ್ ತೆಗೆದು ನೋಡು, ಹತ್ತು ನಿಮಿಷದ ಕೆಲಸ. ಕಂಪನಿಯ ಕಾಗದದ ಫಿಲ್ಟರ್ ಸಾಕು. ಆಮೇಲೆ ಸ್ಪಾರ್ಕ್ ಪ್ಲಗ್ (ಪೆಟ್ರೋಲ್‌ಗೆ ಕಿಡಿ ಹಚ್ಚುವುದು) ಬದಲಿಸು. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂನದು, ಥ್ರೆಡ್ ಹಾಳಾದರೆ ಖರ್ಚು ಜಾಸ್ತಿ. ಅದಕ್ಕೇ ಹೊಸ ಪ್ಲಗ್ ಅನ್ನು ಮೊದಲು ಬೆರಳಲ್ಲೇ ತಿರುಗಿಸಿ ಕೂರಿಸು. ಸರಾಗವಾಗಿ ಹೋಗದಿದ್ದರೆ ನಿಲ್ಲಿಸು, ಬಿಚ್ಚಿ ಮತ್ತೆ ಹಾಕು. ಸಾಮಾನು ಬೇಕಾದರೆ ನಾನಾ ಪೇಠೆಗೆ ಹೋಗು, ಹಳೆಯ ಪ್ಲಗ್ ಕೈಯಲ್ಲೇ ಇರಲಿ.

ಟೈರ್ ಗಾಳಿ ಎಷ್ಟಿರಬೇಕು ಅಂತ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡು. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿಯೂ ಇರುತ್ತವೆ. 2316 ಅಂದರೆ 2016ರ 23ನೇ ವಾರದಲ್ಲಿ ತಯಾರಾದದ್ದು.

ಬಾನೆಟ್ ಕೆಳಗೆ ತೆರೆದ ಫಿಲ್ಟರ್ ಬೇಡವೇ ಬೇಡ. ಅದು ಎಂಜಿನ್‌ನ ಬಿಸಿ ಗಾಳಿಯನ್ನೇ ಎಳೆಯುತ್ತದೆ, ಬಿಸಿ ಗಾಳಿಯಲ್ಲಿ ಆಕ್ಸಿಜನ್ ಕಡಿಮೆ. ಬಂಪರ್ ತನಕ ಪೈಪ್ ಇಳಿಸಿದರೆ ನೀರಿನ ಭಯ. 2024ರ ಜುಲೈನಲ್ಲಿ ಖಡಕ್‌ವಾಸಲಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ನಿಮ್ಮ ಸಿಂಹಗಡ ರೋಡ್ ಏನಾಯಿತು ನೆನಪಿದೆ ಅಲ್ವಾ? ಒಂದು ಗುಟುಕು ನೀರು ಸಿಲಿಂಡರ್‌ಗೆ ಹೋದರೆ ಎಂಜಿನ್‌ನ ಕಥೆ ಮುಗಿಯಿತು.

ನನಗೆ ಎಲ್ಲಕ್ಕಿಂತ ಮುಖ್ಯ ಬ್ರೇಕ್. ಒಮ್ಮೆ ತಾಮ್ಹಿಣಿ ಘಾಟ್ ಇಳಿಯುವಾಗ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಯಿತು. ಹಿಂದೆ ಇಬ್ಬರು ಮಕ್ಕಳಿದ್ದರು. ಗೇರ್ ಇಳಿಸಿ, ಹ್ಯಾಂಡ್‌ಬ್ರೇಕ್ ನಿಧಾನಕ್ಕೆ ಎಳೆದು ನಿಲ್ಲಿಸಿದೆ. ನಾಲ್ಕು ವರ್ಷದಿಂದ ಬ್ರೇಕ್ ಆಯಿಲ್ ಬದಲಿಸಿರಲಿಲ್ಲ. ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 (ಬ್ರೇಕ್ ಆಯಿಲ್‌ನ ಒಂದು ದರ್ಜೆ) ಕುದಿಯುವುದು 205 ಡಿಗ್ರಿಗೆ, ತೇವ ಹೀರಿದ್ದು 140ಕ್ಕೇ ಕುದಿಯಬಹುದು. ಕುದಿದರೆ ಒಳಗೆ ಆವಿ ತುಂಬಿ ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸು. ಮೊದಲ ಸಲ ಮಾತ್ರ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೋ.

ಇನ್ನು ಖಂಬಾಟ್ಕಿಯಲ್ಲಿ ಎರಡನೇ ಗೇರ್‌ಗೆ ಇಳಿಸುವುದು ತಪ್ಪಲ್ಲ. ಈ ಎಂಜಿನ್ ಚೆನ್ನಾಗಿ ಎಳೆಯುವುದೇ 4000 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಹತ್ತಿರ. ಹೆದರದೆ ಓಡಿಸು.

ಉತ್ತರ 2 (ಪಿಂಪ್ರಿ)

ಅಕ್ಕ ಹೇಳಿದ್ದು ಸರಿ. ಸೈಲೆನ್ಸರ್ ಬದಲಿಸುವ ಯೋಚನೆ ಇದ್ದರೆ ಬಿಡಿ. ಅನುಮತಿ ಇಲ್ಲದೆ ಗಾಡಿಯ ಮೂಲ ರೂಪ ಬದಲಿಸಿದರೆ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಬೀಳಬಹುದು. ಆರು ತಿಂಗಳವರೆಗೆ ಜೈಲೂ ಇದೆ.

ಪ್ರಶ್ನೆ ಕೇಳಿದವರು

ಅಕ್ಕಾ, ಫಿಲ್ಟರ್ ಬಿಚ್ಚಿದೆ. ಧೂಳಿನ ಜೊತೆ ಒಣಗಿದ ಬೇವಿನ ಎಲೆ! ಟೈರ್ ಮೇಲೆ 3115 ಅಂತ ಇದೆ, ಅಂದರೆ ಕಾರಿನ ಜೊತೆ ಬಂದ ಟೈರುಗಳೇ ಇವು. ಪಕ್ಕದಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿವೆ. ದುಡ್ಡೆಲ್ಲ ಟೈರಿಗೇ ಹಾಕುತ್ತೇನೆ. ಬ್ರೇಕ್ ಆಯಿಲ್‌ಗೆ ಶನಿವಾರ ಮೆಕ್ಯಾನಿಕ್ ಬರುತ್ತಾರೆ, ಪಕ್ಕ ನಿಂತು ಕಲಿಯುತ್ತೇನೆ. ಭಾನುವಾರ ಪ್ಲಗ್. ಅಪ್ಪ ಟಾರ್ಚ್ ಹಿಡಿಯುತ್ತಾರಂತೆ.