ವಯಸ್ಸಾದ ಒಳರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ: ವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ, ಬಸವನಗುಡಿಯ ಸದಸ್ಯೆಯಿಂದ:
ನಮಸ್ಕಾರ ಡಾಕ್ಟರ್. ನಮ್ಮ ತಂದೆಯವರಿಗೆ 78 ವರ್ಷ, ತೂಕ 48 ಕಿಲೋ. ನ್ಯುಮೋನಿಯಾ ಆಗಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ದಾಖಲಾಗಿದ್ದಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಹೊಟ್ಟೆಯ ಚರ್ಮದಡಿಗೆ ದಿನವೂ ಇಂಜೆಕ್ಷನ್ ಕೊಡುತ್ತಿದ್ದಾರೆ. ಪಕ್ಕದ ಹಾಸಿಗೆಯ ಹಿರಿಯರಿಗೂ ಇದೇ ಕಾಯಿಲೆ, ಹೆಚ್ಚುಕಡಿಮೆ ಇದೇ ವಯಸ್ಸು. ಆದರೆ ಅವರಿಗೆ ಬೇಡವೆಂದರಂತೆ. ಇದನ್ನು ಹೇಗೆ ನಿರ್ಧರಿಸುತ್ತಾರೆ?

ಉತ್ತರ, ವೃದ್ಧರ ಚಿಕಿತ್ಸಾ ತಜ್ಞರಿಂದ:
ನಮಸ್ಕಾರ ಅಮ್ಮ. ಶಸ್ತ್ರಚಿಕಿತ್ಸೆಯಿಲ್ಲದೆ ದಾಖಲಾದವರಿಗೆ ಹೆಚ್ಚಾಗಿ ಬಳಕೆಯಲ್ಲಿರುವುದು ಇಟಲಿಯಲ್ಲಿ ರೂಪುಗೊಂಡು 2010ರಲ್ಲಿ ಪ್ರಕಟವಾದ, ಹೆಪ್ಪುಗಟ್ಟುವ ಅಪಾಯವನ್ನು ಅಂಕಗಳಲ್ಲಿ ಅಳೆಯುವ ಪಾಡುವಾ ಅಂಕಪಟ್ಟಿ. ಕ್ಯಾನ್ಸರ್, ಹಿಂದೊಮ್ಮೆ ಆದ ಹೆಪ್ಪುಗಟ್ಟುವಿಕೆ, ಓಡಾಟ ಕುಗ್ಗಿರುವುದು ಇವಕ್ಕೆ ತಲಾ 3 ಅಂಕ. 70 ವರ್ಷ ತುಂಬಿದ್ದರೆ 1, ಸೋಂಕಿದ್ದರೆ 1. ಮೊತ್ತ 4 ಅಥವಾ ಅದಕ್ಕಿಂತ ಹೆಚ್ಚಾದರೆ ಅಪಾಯ ಹೆಚ್ಚೆಂದು ಲೆಕ್ಕ. ಈ ಪಟ್ಟಿಯನ್ನು ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚಿನ ಅಪಾಯವಿದ್ದೂ ಹೆಪ್ಪುಗಟ್ಟದಂತೆ ತಡೆಯುವ ಔಷಧ ಪಡೆಯದವರ ಪೈಕಿ ನೂರಕ್ಕೆ ಸುಮಾರು 11 ಜನರಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಔಷಧ ಪಡೆದವರಲ್ಲಿ ಆ ಪ್ರಮಾಣ ನೂರಕ್ಕೆ 2ರ ಆಸುಪಾಸಿನಲ್ಲಿತ್ತು.

ಈಗ ಗಮನಿಸಿ: ವಯಸ್ಸು ಮತ್ತು ಸೋಂಕು ಸೇರಿ ಇಬ್ಬರು ಹಿರಿಯರಿಗೂ 2 ಅಂಕ. ಮಿಕ್ಕ ತೀರ್ಮಾನವೆಲ್ಲ ಓಡಾಟದ 3 ಅಂಕಗಳ ಮೇಲೆ ನಿಂತಿರಬಹುದು. ನನ್ನ ಅಭಿಪ್ರಾಯದಲ್ಲಿ ಸುಧಾರಣೆ ಆಗಬೇಕಾದದ್ದು ಇಲ್ಲಿಯೇ. 71 ಮತ್ತು 90 ವರ್ಷದವರಿಗೆ ಒಂದೇ ಅಂಕ ಕೊಡುವ ಪಟ್ಟಿ, ವಯಸ್ಸಾದವರೇ ತುಂಬಿರುವ ವಾರ್ಡಿನಲ್ಲಿ ಯಾರನ್ನೂ ಬೇರ್ಪಡಿಸಿ ತೋರಿಸುವುದಿಲ್ಲ. ಓಡಾಟವನ್ನಾದರೋ ದಾಖಲಾತಿಯ ಗಡಿಬಿಡಿಯಲ್ಲಿ ಅಂದಾಜಿನಿಂದ ಗುರುತು ಹಾಕಿಬಿಡುತ್ತಾರೆ. ಪಟ್ಟಿಯ ಪ್ರಕಾರ ಕನಿಷ್ಠ 3 ದಿನ ಶೌಚಾಲಯಕ್ಕೆ ಹೋಗುವುದನ್ನು ಬಿಟ್ಟರೆ ಹಾಸಿಗೆಯಲ್ಲೇ ಇರಬೇಕಾಗಿ ಬಂದರೆ ಅದು ಕುಗ್ಗಿದ ಓಡಾಟ. ಮನೆಯಲ್ಲಿ ತಂದೆಯವರು ಎಷ್ಟು ನಡೆಯುತ್ತಿದ್ದರು, ಈಗ ಎಷ್ಟು ನಡೆಯುತ್ತಿದ್ದಾರೆ ಎಂಬುದು ನಿಮಗೆ ಚೆನ್ನಾಗಿ ಗೊತ್ತು. ರೌಂಡ್ಸ್ ವೇಳೆಯಲ್ಲಿ ಕೇಳದಿದ್ದರೂ ಅದನ್ನು ಹೇಳಿ.

ಈ ಔಷಧದಿಂದ ಆಗಬಹುದಾದ ರಕ್ತಸ್ರಾವದ ಅಪಾಯವನ್ನೂ ಜೊತೆಗೇ ಅಳೆಯಬೇಕು. ಪಕ್ಕದವರಿಗೆ ಹೊಟ್ಟೆಯ ಹುಣ್ಣು, ಇತ್ತೀಚಿನ ರಕ್ತಸ್ರಾವ ಅಥವಾ ಪ್ಲೇಟ್‌ಲೆಟ್ ಕೊರತೆ ಇದ್ದಿರಲೂಬಹುದು. ಔಷಧವನ್ನು ಹೊರಹಾಕುವ ಮೂತ್ರಪಿಂಡದ ವಿಷಯದಲ್ಲಂತೂ ರಿಪೋರ್ಟಿನ ಒಂದು ಸಂಖ್ಯೆಯನ್ನು ನೋಡಿ ನಿಶ್ಚಿಂತರಾಗಬಾರದು. ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ 1.4 ಎಂದರೆ ಸ್ವಲ್ಪವೇ ಹೆಚ್ಚೆಂದು ಕಾಣುತ್ತದೆ. ಆದರೆ 78 ವರ್ಷದ, 48 ಕಿಲೋ ತೂಕದ ಪುರುಷರಲ್ಲಿ ವಯಸ್ಸು ಮತ್ತು ತೂಕ ಸೇರಿಸಿ ಲೆಕ್ಕ ಹಾಕಿದರೆ ಮೂತ್ರಪಿಂಡದ ಶೋಧನಾ ಸಾಮರ್ಥ್ಯ ನಿಮಿಷಕ್ಕೆ 30 ಮಿಲಿಲೀಟರಿಗಿಂತ ಕೆಳಗಿಳಿಯುತ್ತದೆ. ಆಗ ಹೆಪ್ಪುಗಟ್ಟದಂತೆ ಚರ್ಮದಡಿಗೆ ಕೊಡುವ ಎನೋಕ್ಸಾಪರಿನ್ ಇಂಜೆಕ್ಷನ್ನಿನ ವಾಡಿಕೆಯ 40 ಮಿಲಿಗ್ರಾಂ ಪ್ರಮಾಣವನ್ನು ಇಳಿಸಬೇಕು, ಇಲ್ಲವೇ ಅದೇ ಕೆಲಸ ಮಾಡುವ ಸಾಮಾನ್ಯ ಹೆಪಾರಿನ್‌ಗೆ ಬದಲಾಗಬೇಕು. ತಂದೆಯವರ ಕ್ರಿಯಾಟಿನಿನ್ ಎಷ್ಟಿದೆಯೆಂದು ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ, ಶುಶ್ರೂಷಕಿಯೊಬ್ಬರಿಂದ:
ಸರ್, ನಮ್ಮ ವಾರ್ಡಿನಲ್ಲಿ ದಾಖಲಾದ ದಿನ ಮಾತ್ರ ಈ ಅಂಕಪಟ್ಟಿಯ ಫಾರಂ ತುಂಬುತ್ತೇವೆ. ಮತ್ತೆ ಯಾವಾಗ ನೋಡಬೇಕು? ಇಂಜೆಕ್ಷನ್ ಕೊಡಲಾಗದವರಿಗೆ ಬಿಗಿ ಕಾಲುಚೀಲ ಸಾಕೇ?

ಉತ್ತರ:
ಸಿಸ್ಟರ್, ಸ್ಥಿತಿ ಬದಲಾದಾಗಲೆಲ್ಲ ನೋಡಬೇಕು: ಐಸಿಯುಗೆ ಹೋದಾಗ, ಅಲ್ಲಿಂದ ಮರಳಿದಾಗ, ರೋಗಿ ಬಿದ್ದಾಗ, ರಕ್ತಸ್ರಾವವಾದಾಗ, ನಡೆಯುತ್ತಿದ್ದವರು ಹಾಸಿಗೆ ಹಿಡಿದಾಗ. ಈ ಕೊನೆಯ ಬದಲಾವಣೆಯನ್ನು ಮೊದಲು ಕಾಣುವವರು ನೀವೇ. ಪ್ರತಿ ಶಿಫ್ಟಿನಲ್ಲಿ ರೋಗಿ ಎಷ್ಟು ನಡೆದರೆಂದು ಒಂದು ಸಾಲು ಬರೆದರೂ ಅಂಕಕ್ಕೆ ಅರ್ಥ ಬರುತ್ತದೆ. ಕಾಲುಚೀಲವನ್ನು ನೆಚ್ಚಬೇಡಿ, ಪಾರ್ಶ್ವವಾಯು ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ತೊಡೆಯವರೆಗಿನ ಕಾಲುಚೀಲ ಪ್ರಯೋಜನ ತೋರಲಿಲ್ಲ, ಚರ್ಮಕ್ಕೆ ಗಾಯಗಳನ್ನೂ ಮಾಡಿತು. ಗಾಳಿ ತುಂಬಿ ಕಾಲನ್ನು ಬಿಟ್ಟುಬಿಟ್ಟು ಒತ್ತುವ ಪಂಪ್, ಅಂಥದೇ ರೋಗಿಗಳ ಮೇಲಿನ 2013ರ ಅಧ್ಯಯನದಲ್ಲಿ ನೆರವಾಯಿತು.

ಪ್ರಶ್ನೆ, ಬಸವನಗುಡಿಯ ಸದಸ್ಯೆಯಿಂದ:
ಡಿಸ್ಚಾರ್ಜ್ ಆದ ಮೇಲೆ ಚಿಂತೆಯಿಲ್ಲವೇ?

ಉತ್ತರ:
ಕೆಲವು ವಾರಗಳ ಕಾಲ ಎಚ್ಚರ ಬೇಕಮ್ಮ. ಒಂದೇ ಕಾಲು ಊದಿಕೊಂಡರೆ ಅಥವಾ ಮೀನಖಂಡ ನೋಯುತ್ತಿದ್ದರೆ ಅಂದೇ ವೈದ್ಯರಿಗೆ ತೋರಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ, ತಡಮಾಡದೆ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆತನ್ನಿ.