ಹಿಮದ ಶಿಖರಕ್ಕೆ ನಾಯಿ ಜೊತೆ: ಹೋಗಿ ಬಂದವರು ಹೇಳಿದ್ದು

ಚಳಿಗಾಲದಲ್ಲಿ ನಾಯಿ ಕರೆದುಕೊಂಡು ಶಿಖರ ಹತ್ತಿದವರು ಇದ್ದರೆ ದಯವಿಟ್ಟು ನಿಮ್ಮ ಅನುಭವ ಹೇಳಿ. ನನ್ನ ಎರಡೂ ನಾಯಿಗಳಿಗೆ ಬೇಸಿಗೆಯಲ್ಲಿ ಬೆಟ್ಟ ಹತ್ತಿ ಅಭ್ಯಾಸ ಇದೆ. ಹಿಮದಲ್ಲಿ ಇದೇ ಮೊದಲು. ಗಂಡಿಗೆ ನಾಲ್ಕು ವರ್ಷ, ದಟ್ಟ ತುಪ್ಪಳ, ಮೂವತ್ತು ಕಿಲೋ ತೂಗುತ್ತಾನೆ. ಹೆಣ್ಣಿಗೆ ಒಂಬತ್ತು ದಾಟಿದೆ, ಸಣ್ಣ ಮೈ, ಕೂದಲೂ ತೆಳು. ಜೊತೆಗೆ ಇಬ್ಬರು ಸ್ನೇಹಿತರು ಬರುತ್ತಾರೆ. ಬೂಟು ನಿಜಕ್ಕೂ ಬೇಕಾ? ಎಷ್ಟು ಚಳಿವರೆಗೆ ಪರವಾಗಿಲ್ಲ? ಬಿಟ್ಟು ನಡೆಸಬಹುದಾ, ಕಟ್ಟಿಯೇ ಇರಬೇಕಾ? ‘ದೇವರೇ ಕಂಬಳಿ ಹೊದಿಸಿ ಕಳಿಸಿದ್ದಾನೆ, ಸುಮ್ನೆ ಕರ್ಕೊಂಡು ಹೋಗಿ’ ಅಂತ ಒಬ್ಬರು ಹೇಳುತ್ತಾರೆ. ‘ಬೇಡವೇ ಬೇಡ’ ಅಂತ ಇನ್ನೊಬ್ಬರು. ಯಾರ ಮಾತು ಕೇಳಬೇಕೋ ಗೊತ್ತಾಗುತ್ತಿಲ್ಲ.

* * *

ಚಳಿಯ ವಿಷಯ ಮೊದಲು ಹೇಳಿಬಿಡುತ್ತೇನೆ. ‘ಇಷ್ಟು ಡಿಗ್ರಿವರೆಗೆ ಸರಿ’ ಅನ್ನುವ ಒಂದೇ ಅಂಕಿ ಎಲ್ಲ ನಾಯಿಗೂ ಹೊಂದುವುದಿಲ್ಲ. ಮೈನಸ್ 5 ಡಿಗ್ರಿಯಲ್ಲಿ ನಿಮ್ಮ ಗಂಡು ಆರಾಮಾಗಿ ಹಿಮದಲ್ಲಿ ಹೊರಳಾಡುತ್ತಾ ಇರಬಹುದು. ಅದೇ ಜಾಗದಲ್ಲಿ ಹೆಣ್ಣು ಸ್ವಲ್ಪ ಹೊತ್ತಿಗೇ ನಡುಗಬಹುದು. ದಟ್ಟ ತುಪ್ಪಳದ ನಾಯಿಗೆ ಹೊರಗೆ ಒರಟು ಕೂದಲು, ಒಳಗೆ ಮೆತ್ತನೆಯ ಇನ್ನೊಂದು ಪದರ. ಬೆಚ್ಚಗಿಡುವುದು ಆ ಒಳಪದರ. ಅದು ನೆನೆದರೆ ಮುಗಿಯಿತು. ಹಾಗಾಗಿ ಮೈನಸ್ 10ರ ಒಣ ಹಿಮಕ್ಕಿಂತ, ಸೊನ್ನೆಯ ಆಸುಪಾಸಿನಲ್ಲಿ ಮಳೆಯೂ ಹಿಮವೂ ಕಲಸಿಕೊಂಡು ಬೀಳುವ ದಿನಕ್ಕೇ ನಾನು ಜಾಸ್ತಿ ಹೆದರುವುದು. ಅಂಥ ದಿನ ಹೊರಡುವುದೇ ಇಲ್ಲ.

ಬುಡದಲ್ಲಿ ನಿಂತು ನೋಡಿದ ಚಳಿಯನ್ನು ನಂಬಬೇಡಿ. ಪ್ರತಿ ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಅದರ ಮೇಲೆ ಗಾಳಿ. ಮೈನಸ್ 10ರಲ್ಲಿ ಗಂಟೆಗೆ 40 ಕಿ.ಮೀ. ಗಾಳಿ ಬೀಸಿದರೆ ನಮ್ಮ ಬರೀ ಮುಖಕ್ಕೆ ಮೈನಸ್ 21ರಷ್ಟು ಕೊರೆಯುತ್ತದೆ. ನಾಯಿಗೆ ತುಪ್ಪಳ ಇದೆ, ಈ ಲೆಕ್ಕ ಹಾಗೇ ಹೊಂದುವುದಿಲ್ಲ, ನಿಜ. ಆದರೆ ಕಿವಿಯ ತುದಿಗೆ, ಕೂದಲಿಲ್ಲದ ಹೊಟ್ಟೆಗೆ, ಅಂಗಾಲಿಗೆ ತುಪ್ಪಳ ಎಲ್ಲಿದೆ?

ಈಗ ನನಗೆ ಮುಖ್ಯ ಅನ್ನಿಸುವ ಮಾತು. ನಡೆಯುವ ನಾಯಿಗೆ ಚಳಿ ಆಗುವುದು ಕಡಿಮೆ. ನಿಂತ ನಾಯಿಗೆ ಆಗುತ್ತದೆ. ನಾವು ಶಿಖರ ತಲುಪಿ ಫ್ಲಾಸ್ಕ್ ತೆರೆದು, ಫೋಟೋ ತೆಗೆದು, ದೂರದ ಬೆಟ್ಟಗಳ ಹೆಸರು ಹೇಳುತ್ತಾ ಕೂತುಬಿಡುತ್ತೇವೆ. ನಮ್ಮ ಕೆಳಗೆ ಬ್ಯಾಗ್ ಇರುತ್ತದೆ, ಮೇಲೆ ಜಾಕೆಟ್ ಇರುತ್ತದೆ. ನಾಯಿ ಪಕ್ಕದಲ್ಲಿ ಹಿಮದ ಮೇಲೆ ನಾಲ್ಕು ಕಾಲೂರಿ ನಿಂತಿರುತ್ತದೆ. ಹತ್ತುವಾಗ ಬಿಸಿಯಾದ ಮೈ ಬೇಗ ಬೇಗ ತಣ್ಣಗಾಗುವುದು ಅಲ್ಲೇ. ನನ್ನ ಬ್ಯಾಗಿನ ಹೊರಗೆ ಯಾವಾಗಲೂ ಫೋಮ್ ಚಾಪೆಯ ಒಂದು ತುಂಡು ಕಟ್ಟಿರುತ್ತದೆ, ನಾಯಿ ಸುರುಳಿ ಸುತ್ತಿ ಮಲಗುವಷ್ಟು ಅಗಲದ್ದು. ನಿಂತ ತಕ್ಷಣ ಮೊದಲು ಅದನ್ನು ಹಾಸುತ್ತೇನೆ. ಆಮೇಲೆ ಹೊಟ್ಟೆಯನ್ನೂ ಮುಚ್ಚುವಂಥ ಕೋಟು ಹಾಕುತ್ತೇನೆ. ನಮ್ಮ ತಿಂಡಿ, ಫೋಟೋ ಎಲ್ಲ ಆಮೇಲೆ. ನಡುಕ ಬಂದ ಮೇಲೆ ಕೋಟು ಹುಡುಕಿದರೆ ತಡವಾಯಿತು. ಮತ್ತೆ ಏರುವಾಗ ಕೋಟು ತೆಗೆಯಿರಿ. ದಟ್ಟ ತುಪ್ಪಳದ ಮೇಲೆ ಕೋಟು ಹಾಕಿಸಿಕೊಂಡು ಏರಿದರೆ ಹಿಮದಲ್ಲೂ ಅವನಿಗೆ ಸೆಕೆ ಹತ್ತುತ್ತದೆ, ನಾಲಿಗೆ ಇಷ್ಟುದ್ದ ಬರುತ್ತದೆ.

ಸಾಕಾಯಿತು ಅಂತ ನಾಯಿ ಬಾಯಿ ಬಿಟ್ಟು ಹೇಳುವುದಿಲ್ಲ. ನಾವು ನಡೆದರೆ ಅದೂ ನಡೆಯುತ್ತದೆ. ಹಾಗಾಗಿ ನೋಡುತ್ತಲೇ ಇರಬೇಕು. ಒಂದು ಕಾಲು ಎತ್ತಿ ಇಳಿಸಿ ಇನ್ನೊಂದು ಎತ್ತುತ್ತದಾ? ಮುಂದೆ ಓಡುತ್ತಿದ್ದದ್ದು ನಿಮ್ಮ ಹಿಮ್ಮಡಿಗೆ ಅಂಟಿಕೊಂಡು ಬರುತ್ತಿದೆಯಾ? ಬಾಲ ಒಳಗೆ ಹೋಯಿತಾ? ಬಂದ ದಾರಿಯ ಕಡೆ ಮುಖ ಮಾಡಿ ನಿಂತಿತಾ? ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ನಾನು ಇಳಿಯುತ್ತೇನೆ, ಶಿಖರ ಕಣ್ಣೆದುರೇ ಇದ್ದರೂ ಸರಿ. ಜೊತೆಯವರಿಗೆ ಇದನ್ನು ಮನೆಯಲ್ಲೇ ಹೇಳಿರಬೇಕು. ‘ಇನ್ನರ್ಧ ಗಂಟೆ ಅಷ್ಟೇ ಅಲ್ವಾ’ ಅಂತ ಮೇಲೆ ಹೋಗಿ ವಾದ ಶುರುವಾದರೆ ನಾಯಿಯ ಪರ ಮಾತಾಡುವವರು ನೀವೊಬ್ಬರೇ.

ನಿಮ್ಮ ಹೆಣ್ಣು ನಾಯಿಯನ್ನು ಈ ಸಲ ಮನೆಯಲ್ಲಿ ಬಿಡಿ ಅಂತಲೇ ನನ್ನ ಸಲಹೆ. ಬೇಜಾರು ಮಾಡಿಕೊಳ್ಳುತ್ತಾಳೆ, ಮಾಡಿಕೊಳ್ಳಲಿ.

* * *

ಬೂಟು ಬೇಕಾ ಅಂತ ಕೇಳಿದಿರಿ. ಅಲಾಸ್ಕಾದಲ್ಲಿ ನಾಯಿಗಳು ಹಿಮಗಾಡಿ ಎಳೆಯುವ ಇಡಿಟರಾಡ್ ಓಟ ಇದೆ, ಅದರ ನಾಯಿಗಳು ಚಳಿಯಲ್ಲೇ ಬೆಳೆದಂಥವು. ಅಲ್ಲಿಯೂ ಒಂದೊಂದು ನಾಯಿಗೆ ಎಂಟೆಂಟು ಬೂಟಿ ಇರಲೇಬೇಕು ಅಂತ ನಿಯಮ ಇದೆ. ದೇವರ ಕಂಬಳಿಯ ಮಾತು ಹೇಳಿದವರಿಗೆ ಇದನ್ನು ಹೇಳಿ.

ಬೆರಳುಗಳ ನಡುವಿನ ಕೂದಲಿಗೆ ಹಿಮ ಅಂಟಿಕೊಳ್ಳುತ್ತದೆ. ಅಂಗಾಲಿನ ಬಿಸಿಗೆ ಚೂರು ಕರಗುತ್ತದೆ, ಮತ್ತೆ ಗಟ್ಟಿಯಾಗುತ್ತದೆ, ಅದರ ಮೇಲೆ ಇನ್ನಷ್ಟು ಅಂಟುತ್ತದೆ. ನೋಡನೋಡುತ್ತಲೇ ಗೋಲಿಯಷ್ಟು ಗಟ್ಟಿ ಉಂಡೆ. ಅದು ಬೆರಳುಗಳನ್ನು ಅಗಲಿಸಿ ಒತ್ತುತ್ತದೆ. ನಾಯಿ ಕೂತು ಕಾಲು ಕಚ್ಚಿಕೊಳ್ಳಲು ಶುರು ಮಾಡಿತು ಅಂದರೆ ಹೆಚ್ಚಾಗಿ ಇದೇ ಕಾರಣ. ಉಂಡೆಯನ್ನು ಎಳೆದು ಕೀಳಬೇಡಿ, ಕೂದಲಿನ ಜೊತೆ ಚರ್ಮವೂ ಬರುತ್ತದೆ. ಗ್ಲೌಸ್ ತೆಗೆದು ಇಡೀ ಪಂಜವನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯಿರಿ. ಒಂದೆರಡು ನಿಮಿಷಕ್ಕೆ ಉಂಡೆ ಜಾರುತ್ತದೆ. ನಿಮ್ಮ ಕೈ ಮರಗಟ್ಟುತ್ತದೆ, ಅದಕ್ಕೇನೂ ಮಾಡಲಾಗದು. ಉದ್ದ ಕೂದಲಿನ ನಾಯಿಗೆ ಮುಂಗಾಲಿನ ಸಂದಿಯಲ್ಲಿ, ಹೊಟ್ಟೆಯಲ್ಲಿ, ಹಿಂಗಾಲಿನ ಒಳಗಡೆಯೂ ಇದೇ ಕಥೆ.

ಬೂಟು ತಂದ ದಿನವೇ ಬೆಟ್ಟಕ್ಕೆ ಹೋಗಬೇಡಿ. ಮೊದಲ ಸಲ ಹಾಕಿದಾಗ ಎಲ್ಲ ನಾಯಿಗಳೂ ಕೊಕ್ಕರೆಯ ಹಾಗೆ ಕಾಲೆತ್ತಿ ನಡೆಯುತ್ತವೆ. ನಗಬೇಡಿ ಅನ್ನಲಾರೆ. ಕೆಲವು ವಾರ ಮನೆಯೊಳಗೆ, ಅಂಗಳದಲ್ಲಿ ಅಭ್ಯಾಸ ಮಾಡಿಸಿ. ಪಟ್ಟಿ ಸಡಿಲವಾದರೆ ಬೂಟು ಹಿಮದಲ್ಲಿ ಕಳೆದುಹೋಗುತ್ತದೆ, ತುಂಬಾ ಬಿಗಿಯಾದರೆ ರಕ್ತದ ಓಡಾಟ ಕಡಿಮೆಯಾಗಿ ಬೆರಳುಗಳೇ ಮೊದಲು ಹೆಪ್ಪುಗಟ್ಟುತ್ತವೆ. ಅದಕ್ಕೇ ಗಂಟೆಗೊಮ್ಮೆ ಬಿಚ್ಚಿ ನೋಡಬೇಕು. ಒಳಗೆ ಹಿಮ ಸೇರಿದ್ದರೆ ಕೊಡವಬೇಕು. ಬಣ್ಣ ಕೆಂಪೋ ಕಿತ್ತಳೆಯೋ ಇರಲಿ, ಬಿಳಿ ಹಿಮದಲ್ಲಿ ಬಿದ್ದರೆ ಕಾಣುತ್ತದೆ. ಎರಡು ಹೆಚ್ಚುವರಿ ಇಟ್ಟುಕೊಳ್ಳಿ.

* * *

ನನ್ನದು ಬೇರೆ ಅಭಿಪ್ರಾಯ. ನಮ್ಮ ನಾಯಿಗೆ ಬೂಟು ಹಾಕುವುದಿಲ್ಲ. ಬೆರಳ ನಡುವಿನ ಕೂದಲನ್ನು ಅಂಗಾಲಿನ ಮಟ್ಟಕ್ಕೆ ಕತ್ತರಿಸುತ್ತೇನೆ, ಉಗುರಿನ ತುದಿಯನ್ನಷ್ಟೇ ಕತ್ತರಿಸುತ್ತೇನೆ, ಹೊರಡುವ ಮುಂಚೆ ಪಂಜಕ್ಕೆ ಹಚ್ಚುವ ಮೇಣವನ್ನು ದಪ್ಪವಾಗಿ ಹಚ್ಚುತ್ತೇನೆ. ಗಟ್ಟಿ ಮಂಜುಗಡ್ಡೆಯ ಇಳಿಜಾರಿನಲ್ಲಿ ನಾಯಿಗೆ ಹಿಡಿತ ಕೊಡುವುದು ಉಗುರು. ನುಣುಪು ತಳದ ಬೂಟು ಹಾಕಿದರೆ ಆ ಹಿಡಿತ ಹೋಗುತ್ತದೆ. ಆದರೆ ಬೂಟು ಬ್ಯಾಗಿನಲ್ಲಿ ಇದ್ದೇ ಇರುತ್ತದೆ. ಮೇಲೆ ಗಟ್ಟಿ ಪೊರೆ ಕಟ್ಟಿದ ಹಿಮದಲ್ಲಿ ಪ್ರತಿ ಹೆಜ್ಜೆಗೂ ಕಾಲು ಒಳಗೆ ಕುಸಿಯುತ್ತದೆ, ಆ ಪೊರೆಯ ಅಂಚು ಬ್ಲೇಡಿನಷ್ಟು ಹರಿತ. ಹಿಂದೆ ಹೆಜ್ಜೆಗುರುತಿನಲ್ಲಿ ಗುಲಾಬಿ ಚುಕ್ಕೆ ಕಂಡರೆ ತಕ್ಷಣ ಬೂಟು.

ಆಳದ ಹಿಮದಲ್ಲಿ ನಾಯಿ ನಡೆಯುವುದಿಲ್ಲ, ಈಜುತ್ತದೆ. ಬೇಗ ಸುಸ್ತಾಗುತ್ತದೆ. ನೀವು ಮುಂದೆ ದಾರಿ ತುಳಿಯಿರಿ, ಅದು ನಿಮ್ಮ ಹೆಜ್ಜೆಯಲ್ಲಿ ಬರಲಿ.

* * *

ನಾನು ಪಶುವೈದ್ಯೆ, ಚಾರಣವೂ ಮಾಡುತ್ತೇನೆ. ನಡುಕದ ಬಗ್ಗೆ ಒಂದು ಮಾತು ಸೇರಿಸಬೇಕು. ನಡುಗುತ್ತಿದ್ದ ನಾಯಿ ನಡುಗುವುದು ನಿಲ್ಲಿಸಿ ಮಂಕಾಗಿ, ತೂರಾಡಿಕೊಂಡು ನಡೆದರೆ ಸುಧಾರಿಸಿತು ಅಂತ ತಿಳಿಯಬೇಡಿ. ಹದಗೆಟ್ಟಿದೆ ಅಂತ ಅರ್ಥ. ನಾಯಿಯ ಮೈಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 37ಕ್ಕಿಂತ ಇಳಿದರೆ ಕೆಲಸ ಕೆಟ್ಟಂತೆ. ಗಾಳಿ ಇಲ್ಲದ ಕಡೆ ಚಾಪೆಯ ಮೇಲೆ ಮಲಗಿಸಿ, ಮೈ ಒರೆಸಿ, ಮಲಗುವ ಚೀಲದಲ್ಲೋ ಜಾಕೆಟ್ಟಿನಲ್ಲೋ ಸುತ್ತಿ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಎದೆ ಹೊಟ್ಟೆಯ ಹತ್ತಿರ ಇಡಿ, ನೇರ ಚರ್ಮಕ್ಕೆ ತಾಗಿಸಬೇಡಿ. ಎಚ್ಚರ ಇದ್ದು ನುಂಗುವಂತಿದ್ದರೆ ಮಾತ್ರ ಉಗುರುಬೆಚ್ಚಗಿನ ಸಕ್ಕರೆ ನೀರು ಕೊಡಿ. ಆಮೇಲೆ ಕೆಳಗೆ, ಆಸ್ಪತ್ರೆಗೆ.

ಕಿವಿತುದಿ, ಬಾಲದ ತುದಿ, ಬೆರಳು ಬಿಳಿಚಿ ಗಟ್ಟಿಯಾಗಿದ್ದರೆ ಹಿಮಗಾಯ. ಉಜ್ಜಬೇಡಿ. ಹಿಮದಿಂದ ತಿಕ್ಕುವ ಹಳೆಯ ಮದ್ದಂತೂ ಬೇಡವೇ ಬೇಡ. ಕರಗಿಸಿದ ಮೇಲೆ ದಾರಿಯಲ್ಲಿ ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ ಇದ್ದರೆ ಅಲ್ಲಿ ಬಿಸಿ ಮಾಡಲೇಬೇಡಿ. ಎರಡನೇ ಸಲದ ಪೆಟ್ಟು ಮೊದಲನೆಯದಕ್ಕಿಂತ ಕೆಟ್ಟದ್ದು.

ನಿಮ್ಮ ಔಷಧಿ ಡಬ್ಬಿಯಿಂದ ನೋವಿನ ಮಾತ್ರೆ ಕೊಡಬೇಡಿ. ಐಬುಪ್ರೊಫೇನ್, ಪ್ಯಾರಾಸಿಟಮಾಲ್ ಎರಡೂ ನಾಯಿಗೆ ವಿಷವಾಗಬಹುದು. ಚಾರಣಿಗರ ಜೇಬಿನಲ್ಲಿರುವ ಚಾಕೊಲೇಟು, ಒಣದ್ರಾಕ್ಷಿ, ಜೈಲಿಟಾಲ್ ಅನ್ನುವ ಸಿಹಿಕಾರಕ ಹಾಕಿದ ಚೂಯಿಂಗ್ ಗಮ್ ಕೂಡ ಅಷ್ಟೇ. ಸ್ನೇಹಿತರು ಪ್ರೀತಿಯಿಂದ ಒಂದು ತುಂಡು ಕೊಟ್ಟುಬಿಡುತ್ತಾರೆ, ಮೊದಲೇ ಹೇಳಿಡಿ.

ಹಿಮ ತಿನ್ನುತ್ತಾನೆ, ನೀರು ಬೇಡ ಅಂದುಕೊಳ್ಳಬೇಡಿ. ರಾಶಿ ಹಿಮ ಕರಗಿದರೆ ಸಿಗುವುದು ಗುಟುಕು ನೀರು, ಅದನ್ನು ಕರಗಿಸಲು ಮೈಯ ಬಿಸಿಯೇ ಖರ್ಚು. ಹೊಟ್ಟೆಯೂ ಕೆಡುತ್ತದೆ. ಬಾಟಲಿಯನ್ನು ಬ್ಯಾಗಿನೊಳಗೆ ತಲೆಕೆಳಗಾಗಿ ಇಡಿ. ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಮುಚ್ಚಳದ ಕಡೆ ಕಟ್ಟಿಕೊಳ್ಳುವುದಿಲ್ಲ. ಊಟ ಸ್ವಲ್ಪ ಸ್ವಲ್ಪವೇ, ಆಗಾಗ ಕೊಡಿ. ಎದೆ ಆಳವಾದ ದೊಡ್ಡ ನಾಯಿಗಳಿಗೆ ಹೊಟ್ಟೆ ಬಿರಿಯೆ ತಿನ್ನಿಸಿ ತಕ್ಷಣ ಹತ್ತಿಸಿದರೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇದೆ, ಜೀವಕ್ಕೇ ಸಂಚಕಾರ.

ಮರುದಿನ ಬಾಲ ಬುಡದಿಂದಲೇ ಜೋತುಬಿದ್ದು ಅಲ್ಲಾಡಿಸದೇ ಇದ್ದರೆ ಗಾಬರಿ ಬೀಳಬೇಡಿ. ಅತಿಯಾದ ದಣಿವು, ಚಳಿಗೆ ಬಾಲದ ಸ್ನಾಯು ಹೀಗಾಗುವುದುಂಟು. ಸಾಮಾನ್ಯವಾಗಿ ಕೆಲವು ದಿನಕ್ಕೆ ಸರಿಹೋಗುತ್ತದೆ. ಆದರೂ ಒಮ್ಮೆ ತೋರಿಸಿ, ಬಾಲಕ್ಕೆ ಪೆಟ್ಟು ಬಿದ್ದಿದ್ದರೂ ಹೀಗೇ ಕಾಣುತ್ತದೆ.

* * *

ಎಲ್ಲರೂ ಚಳಿ, ಬೂಟು ಅಂತಿದ್ದೀರಿ. ಬೆಟ್ಟ ಎಂಥದ್ದು ಅಂತ ಯಾರೂ ಕೇಳಲೇ ಇಲ್ಲ. 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ ಹಿಮಕುಸಿತ ಜಾಸ್ತಿ. ಆ ಇಳಿಜಾರಿನ ಕೆಳಗೆ ಹಾದುಹೋಗುವ ದಾರಿಯೂ ಅಷ್ಟೇ ಅಪಾಯ. ಹಿಮಕುಸಿತದ ಮುನ್ಸೂಚನೆ ನೋಡದೆ ಹೊರಡಲೇಬೇಡಿ. ನೀವು ಎಚ್ಚರದಿಂದ ಬದಿಯಲ್ಲಿ ನಡೆಯುತ್ತೀರಿ. ನಾಯಿ ಮೊಲದ ವಾಸನೆ ಹಿಡಿದು ಇಳಿಜಾರಿನ ಮಧ್ಯಕ್ಕೇ ಓಡುತ್ತದೆ. ನೀವು ಹಿಂದೆಯೇ ಓಡುತ್ತೀರಿ. ಅಪಾಯ ಅಲ್ಲಿದೆ.

ಶಿಖರದ ಏಣಿನಲ್ಲಿ ಗಾಳಿ ಹಿಮವನ್ನು ಕಿಟಕಿ ಮೇಲಿನ ಸಜ್ಜಾದ ಹಾಗೆ ಹೊರಚಾಚಿಸಿರುತ್ತದೆ. ಮೇಲಿನಿಂದ ನೋಡಿದರೆ ಗಟ್ಟಿ ನೆಲ, ಕೆಳಗೆ ಬರೀ ಗಾಳಿ. ನಾಯಿಗೆ ಅದು ಗೊತ್ತಾಗುವುದಿಲ್ಲ. ಮರಗಳ ಸಾಲು ಮುಗಿದ ಮೇಲೆ ಹಗ್ಗ ಬಿಡಬೇಡಿ. ಕೊರಳಪಟ್ಟಿಗೆ ಅಲ್ಲ, ಬೆನ್ನ ಮೇಲೆ ಹಿಡಿಕೆ ಇರುವ ಹಾರ್ನೆಸ್‌ಗೆ ಕಟ್ಟಿ. ಜಾರಿದರೆ ಎತ್ತಿಕೊಳ್ಳಲು ಆ ಹಿಡಿಕೆ ಬೇಕು. ಹಗ್ಗದಿಂದ ಇನ್ನೊಂದು ಲಾಭ, ಕಾಡುಪ್ರಾಣಿಗಳು ಬದುಕುತ್ತವೆ. ಚಳಿಗಾಲದಲ್ಲಿ ಜಿಂಕೆಯಂಥವು ಮೈಯಲ್ಲಿ ಉಳಿದ ಕೊಬ್ಬನ್ನು ನೆಚ್ಚಿಕೊಂಡು ದಿನ ದೂಡುತ್ತವೆ. ನಾಯಿಗೆ ಅದು ಆಟ, ಅವಕ್ಕೆ ಪ್ರಾಣದ ಖರ್ಚು.

ಬೂಟಿನ ತಳಕ್ಕೆ ಕಟ್ಟುವ ಮುಳ್ಳಿನ ಕ್ರ್ಯಾಂಪಾನ್ ಹಾಕಿ ನಡೆಯುವಾಗ ನಾಯಿ ನಿಮ್ಮ ಕಾಲ ಬುಡಕ್ಕೆ ಬರದಂತೆ ನೋಡಿ. ಸ್ಕೀ ಅಂಚು ನಾಯಿಯ ಕಾಲಿನ ನರ, ಸ್ನಾಯುರಜ್ಜುಗಳನ್ನೇ ಕತ್ತರಿಸಿಬಿಡುತ್ತದೆ. ನನ್ನನ್ನು ಕೇಳಿದರೆ, ಕ್ರ್ಯಾಂಪಾನ್ ಮತ್ತು ಐಸ್ ಆಕ್ಸ್ (ಹಿಮಗೊಡಲಿ) ಬೇಕಾದ ಬೆಟ್ಟ ನಾಯಿಯ ಬೆಟ್ಟವೇ ಅಲ್ಲ.

ಹಿಮದಲ್ಲಿ ಹೂತವರನ್ನು ಹುಡುಕುವ ಟ್ರಾನ್ಸೀವರನ್ನು ನಾಯಿಗೂ ಕಟ್ಟುವವರಿದ್ದಾರೆ. ಕಟ್ಟಬೇಡಿ. ಎಲ್ಲವೂ ಒಂದೇ 457 ಕಿಲೋಹರ್ಟ್ಸ್‌ನಲ್ಲಿ ರೇಡಿಯೋ ಸಂಕೇತ ಕಳಿಸುತ್ತವೆ. ಹುಡುಕುವವರಿಗೆ ಮನುಷ್ಯ ಯಾರು, ನಾಯಿ ಯಾವುದು ತಿಳಿಯುವುದಿಲ್ಲ. ಹೂತವರು ಬದುಕುವ ಆಸೆ ಇರುವುದು ಮೊದಲ ಕೆಲವೇ ನಿಮಿಷ. ಹೇಳಲು ಕಷ್ಟವಾಗುತ್ತದೆ, ನನಗೂ ನಾಯಿ ಇದೆ.

ಹೆಪ್ಪುಗಟ್ಟಿದ ಕೆರೆಯ ಮೇಲೆ ಅಡ್ಡದಾರಿ ಬೇಡ. ನಾಯಿ ಒಳಗೆ ಬಿದ್ದರೆ ಹಿಂದೆ ಹೋಗಬೇಡಿ. ದಡದಲ್ಲೇ ಮಲಗಿ ಕರೆಯಿರಿ, ಹಗ್ಗವೋ ಕೋಲೋ ಚಾಚಿ.

* * *

ಮೂವತ್ತು ಕಿಲೋ ನಾಯಿ ಮೇಲೆ ಕಾಲು ಮುರಿದುಕೊಂಡರೆ ಕೆಳಗೆ ತರುವುದು ಹೇಗೆ? ಬೆನ್ನಿಗೆ ಹೊರುವ ಸ್ಲಿಂಗ್ ಸಿಗುತ್ತದೆ, ಮಡಚಿದರೆ ಮುಷ್ಟಿಯಷ್ಟು. ಮನೆಯಲ್ಲೇ ಒಮ್ಮೆ ಹೊತ್ತು ಮೆಟ್ಟಿಲು ಇಳಿದು ನೋಡಿ, ಗೊತ್ತಾಗುತ್ತದೆ. ಒಬ್ಬರೇ ಆಗಿದ್ದರೆ ಬೇಡ ಅನ್ನುತ್ತಿದ್ದೆ, ನೀವು ಮೂವರಿದ್ದೀರಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ, ಬಾಯಿಗೆ ಸುತ್ತಲು ಒಂದು ಅಗಲದ ಬಟ್ಟೆ ಇರಲಿ.

* * *

ಇಷ್ಟು ಉತ್ತರ ಬರುತ್ತವೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಹೆಣ್ಣು ನಾಯಿ ಮನೆಯಲ್ಲೇ ಇರುತ್ತಾಳೆ. ಶಿಖರವನ್ನೂ ಬದಲಾಯಿಸಿದ್ದೇವೆ, ದುಂಡು ತಲೆಯ ಚಿಕ್ಕ ಬೆಟ್ಟ, ಕಡಿದಾದ ಇಳಿಜಾರು ಇಲ್ಲ. ಎಲ್ಲಿದ್ದರೂ ಮಧ್ಯಾಹ್ನ ಹನ್ನೆರಡಕ್ಕೆ ವಾಪಸ್ ತಿರುಗುವುದು ಅಂತ ಮೂವರೂ ಒಪ್ಪಿದ್ದೇವೆ, ಚಳಿಗಾಲದಲ್ಲಿ ಬೆಳಕು ಬೇಗ ಹೋಗುತ್ತದೆ. ಇನ್ನೊಂದೇ ಪ್ರಶ್ನೆ: ಎರಡೂ ಕೈಯಲ್ಲಿ ಕೋಲು ಇರುತ್ತದೆ. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳಬಹುದಾ?

* * *

ಏರುವಾಗ, ಸಮತಟ್ಟಿನಲ್ಲಿ ಕಟ್ಟಿಕೊಳ್ಳಿ, ಪರವಾಗಿಲ್ಲ. ಇಳಿಯುವಾಗ ಬೇಡ. ಮೂವತ್ತು ಕಿಲೋ ನಾಯಿ ಒಂದು ಸಲ ಜಗ್ಗಿದರೆ ಜಾರುವ ನೆಲದಲ್ಲಿ ನೀವು ನೇರ ಮುಖ ಅಡಿಯಾಗಿ ಹೋಗುತ್ತೀರಿ. ಇಳಿಯುವಾಗ ಒಂದು ಕೋಲು ಬ್ಯಾಗಿಗೆ ಸಿಕ್ಕಿಸಿ, ಆ ಕೈಯಲ್ಲಿ ಹಗ್ಗ ಹಿಡಿಯಿರಿ. ಮಣಿಕಟ್ಟಿಗೆ ಸುತ್ತಿಕೊಳ್ಳಬೇಡಿ, ಬೇಕಾದಾಗ ಬಿಡುವಂತಿರಲಿ. ‘ಹಿಂದೆ’ ಅಂದರೆ ನಿಮ್ಮ ಹಿಂದೆ ಬರುವುದನ್ನು ಈಗಿನಿಂದಲೇ ಕಲಿಸಿ. ಮತ್ತೆ, ವಾಪಸ್ ಬಂದು ಕಾರು ಹತ್ತಿಸುವ ಮುಂಚೆ ಕಾಲು ತೊಳೆದು ಒರೆಸಿ. ರಸ್ತೆಯ ಹಿಮ ಕರಗಲು ಹಾಕಿದ ಉಪ್ಪು ಪಂಜದಲ್ಲಿ ಇರುತ್ತದೆ, ದಾರಿಯುದ್ದಕ್ಕೂ ಅದನ್ನೇ ನೆಕ್ಕುತ್ತಾ ಬರುತ್ತಾನೆ.